ಬೆರಳು ಉಳಿದರೆ ಕೂಲಿ ಉಳಿದೀತೇ?

ನಮ್ಮ ನಗರದ ಬಾಲಾನಗರದಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇದೆ. 1968ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನೆರವಿನಿಂದ ಹುಟ್ಟಿದ್ದು. ಈಗ ಅಲ್ಲಿ ಮೆಕಾಟ್ರಾನಿಕ್ಸ್ ಕೂಡ ಕಲಿಸುತ್ತಾರೆ. ಎಂದರೆ ಯಂತ್ರಕ್ಕೆ ವಿದ್ಯುನ್ಮಾನದ ಬುದ್ಧಿಯನ್ನು ಜೋಡಿಸುವ ವಿದ್ಯೆ. ಕಾರ್ಮಿಕರ ಹೆಸರಿನ ಸಂಸ್ಥೆ ಕೈಹಿಡಿದು ಬೆಳೆಸಿದ ಕಡೆ ಕಾರ್ಮಿಕನ ಕೈಗೆಲಸವನ್ನು ಯಂತ್ರಕ್ಕೊಪ್ಪಿಸುವ ಪಾಠ! ನಮ್ಮ ಮಕ್ಕಳು ಇಂಥದನ್ನು ಓದುವುದು ಸರಿಯೇ ಎಂದು ಕೇಳುವವರಿದ್ದಾರೆ.

ಪವರ್ ಪ್ರೆಸ್ಸನ್ನೇ ನೋಡೋಣ. ಅಚ್ಚಿನ ಕೆಳಗೆ ತಗಡಿಟ್ಟು ಪೆಡಲ್ ಒತ್ತಬೇಕು, ಬಿಲ್ಲೆ ತೆಗೆದು ಮತ್ತೆ ತಗಡಿಡಬೇಕು. ಗಮನ ತಪ್ಪಿದರೆ ಬೆರಳು ಹೋಯಿತು. ಈ ವಿದ್ಯೆ ಕಲಿತವನು ಅದಕ್ಕೆ ಎರಡು ಗುಂಡಿ ಹಾಕುತ್ತಾನೆ. ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರಷ್ಟೇ ಪ್ರೆಸ್ ಇಳಿಯುತ್ತದೆ. ತುರ್ತು ನಿಲುಗಡೆಯ ಕೆಂಪು ಗುಂಡಿಯ ತಂತಿಯಲ್ಲಿ ಸದಾ ವಿದ್ಯುತ್ ಹರಿಯುತ್ತಿರಬೇಕು. ತಂತಿ ತುಂಡಾದರೂ ಯಂತ್ರ ನಿಲ್ಲಬೇಕು. ಕೆಟ್ಟರೂ ಮನುಷ್ಯನಿಗೆ ಪೆಟ್ಟಾಗದಂತೆ ಕೆಡಬೇಕೆಂಬ ಈ ಯೋಚನೆಯಲ್ಲಿ ಎಷ್ಟೋ ಉಪನ್ಯಾಸಗಳಲ್ಲಿಲ್ಲದ ಧರ್ಮ ನಮಗೆ ಕಂಡಿತು.

ತೊಡಕಿರುವುದು ಮುಂದಿನ ಪಾಠದಲ್ಲಿ. ತಗಡಿಡುವ ಕೆಲಸವೂ ಗಾಳಿಯೊತ್ತಡದಿಂದ ಆಡುವ ಕಬ್ಬಿಣದ ತೋಳಿಗೆ ಹೋಗುತ್ತದೆ; ಪಿ.ಎಲ್.ಸಿ. ಎಂಬ ಪುಟ್ಟ ಗಣಕ ಅದನ್ನು ನಡೆಸುತ್ತದೆ. ಬೆರಳು ಕ್ಷೇಮ, ಬೆರಳಿನವನು ಬೀದಿಗೆ.

ಹಾಗೆಂದು ಈ ಓದನ್ನು ಪಾಪವೆನ್ನಲು ನಾವು ಒಪ್ಪೆವು. ಗಂಡಾಂತರದ ಬಾಯಿಗೆ ಕೈಯೊಡ್ಡುವ ದುಡಿಮೆಯನ್ನು ಕಾಯಕವೆಂದು ಕೊಂಡಾಡುವವರು ಹೆಚ್ಚಾಗಿ ಫ್ಯಾನಿನ ಕೆಳಗೆ ಕುಳಿತ ನಮ್ಮಂಥ ಗುಮಾಸ್ತರೇ. ‘ಬೇರೆ ಕೆಲಸ ಸಿಗುತ್ತದೆ ಬಿಡಿ’ ಎನ್ನುವುದೂ ಅಷ್ಟೇ ಅಗ್ಗದ ಮಾತು. ಸಿಕ್ಕೀತು, ಮಗಳ ಶಾಲೆಯ ಫೀಸು ಕಟ್ಟಬೇಕಾದ ನಲವತ್ತೈದರ ಆ ಮನುಷ್ಯನಿಗೇ ಸಿಕ್ಕೀತೇ? ಕಚೇರಿಗೆ ಗಣಕ ಬಂದಾಗ ಟೈಪಿಸ್ಟರಿಗೆ ಬೇರೆ ಸೀಟು ಕೊಟ್ಟರೆಂದು ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಸರ್ಕಾರಿ ನೌಕರಿಯೇ ಅವರ ಕೆಂಪು ಗುಂಡಿ. ಪ್ರೆಸ್ಸಿನವನಿಗೆ ಏನಿದೆ? 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿಯ ಮಾತಿದೆ: ಕೆಲಸದಿಂದ ತೆಗೆದವನ ಪಾಲಿಗೆ ಮಾಲೀಕ ಕಟ್ಟಬೇಕಾದದ್ದು ಹದಿನೈದು ದಿನದ ಕೂಲಿಯಷ್ಟು ಹಣ. ಹದಿನೈದು ದಿನದಲ್ಲಿ ಪಿ.ಎಲ್.ಸಿ. ಬಂದೀತೇ?

ಅಚ್ಚು ಮೊಂಡಾದದ್ದನ್ನು ಸದ್ದಿನಿಂದಲೇ ತಿಳಿಯಬಲ್ಲ ಹಳಬ ಅವನು. ಹೊಸ ಯಂತ್ರವನ್ನು ನೋಡಿಕೊಳ್ಳಲು ಅವನನ್ನೇ ತಯಾರು ಮಾಡಲು ಆರು ತಿಂಗಳಾದರೂ ಬೇಕಾದೀತು. ಆ ಆರು ತಿಂಗಳ ಕೂಲಿಯನ್ನು ಯಂತ್ರದ ಬೆಲೆಗೇ ಸೇರಿಸಿ ಅಂದಾಜುಪಟ್ಟಿ ಬರೆಯುವುದನ್ನು ನಮ್ಮ ಹುಡುಗರಿಗೆ ಮೊದಲ ವರ್ಷದಲ್ಲೇ ಕಲಿಸಲಿ ಎಂಬುದು ನಮ್ಮ ವಾದ.