ಪಿತೃತ್ವವೂ ಪ್ರಭುತ್ವವೂ

ಐತರೇಯ ಬ್ರಾಹ್ಮಣದ ಶುನಃಶೇಪಾಖ್ಯಾನದಲ್ಲಿ, ಹಸಿವಿನಿಂದ ಕಂಗೆಟ್ಟ ಅಜೀಗರ್ತನು ನೂರು ಗೋವುಗಳಿಗೆ ತನ್ನ ನಡುವಣ ಮಗನನ್ನು ಮಾರುತ್ತಾನೆ. ಇನ್ನೊಂದು ನೂರಕ್ಕೆ ಅವನನ್ನು ಯಜ್ಞದ ಬಲಿಕಂಬವಾದ ಯೂಪಕ್ಕೆ ಬಿಗಿಯುತ್ತಾನೆ. ಮತ್ತೊಂದು ನೂರು ದೊರೆತಾಗ ತಾನೇ ಕೊಲ್ಲಲು ಕತ್ತಿ ಮಸೆಯುತ್ತಾನೆ. ದೇವತೆಗಳ ಅನುಗ್ರಹದಿಂದ ಪಾಶವು ಕಳಚಿ, ಅದೇ ತಂದೆ ಮಗನನ್ನು ಮರಳಿ ಬೇಡಿದಾಗ, ಬಾಲಕನು ಹೋಗಲೊಪ್ಪದೆ ವಿಶ್ವಾಮಿತ್ರನ ಪುತ್ರನಾಗುತ್ತಾನೆ. ತಂದೆಯ ಕ್ರೌರ್ಯವನ್ನು ಹೇಳಿ ಕಥೆಯನ್ನು ಮುಗಿಸುವುದು ವಾಡಿಕೆ. ಆದರೆ ಆ ಬಾಲಕನನ್ನು ಕೊಂಡವನು ರಾಜಕುಮಾರ ರೋಹಿತನೆಂಬುದನ್ನೂ, ಯಜ್ಞದ ಯಜಮಾನನು ಹರಿಶ್ಚಂದ್ರ ಮಹಾರಾಜನೇ ಎಂಬುದನ್ನೂ ಮರೆಯಲಾಗದು.

ಪ್ರಭುತ್ವವು ಗೃಹದ ಹೊಸ್ತಿಲು ದಾಟಬಹುದೇ ಎಂಬ ಪ್ರಶ್ನೆ ಈ ನಾಡಿಗೆ ಹೊಸತಲ್ಲ. ಮೈಸೂರು ಸಂಸ್ಥಾನವು 1894ರಲ್ಲಿಯೇ, ಅಂದರೆ ಶಾರದಾ ಕಾಯಿದೆಗೆ 35 ವರ್ಷಗಳ ಮುಂಚೆ, 8 ವರ್ಷ ತುಂಬದ ಬಾಲಿಕೆಯರ ವಿವಾಹವನ್ನೂ, 50 ದಾಟಿದ ಪುರುಷರು 14 ತುಂಬದವರನ್ನು ವರಿಸುವುದನ್ನೂ ನಿಷೇಧಿಸಿತು. ಗೃಹಧರ್ಮದ ಹೆಸರಿನಲ್ಲಿ ಎಂತಹ ಆಕ್ಷೇಪಗಳನ್ನು ಎತ್ತಿದರೂ ಆ ಪ್ರವೇಶವು ನ್ಯಾಯವಾದುದೆಂದೇ ನನ್ನ ನಿಶ್ಚಯ. ಸರ್ವೋಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗಲೂ, ಆ ಹಕ್ಕು ವ್ಯಕ್ತಿಗೆ ಸಂದಿತು. ಮನೆಯೊಳಗಿನ ಶಿಶುವೂ ಒಬ್ಬ ವ್ಯಕ್ತಿಯೇ.

ಆದರೆ ಕೋಲಾರದ ಚಿನ್ನದ ಗಣಿಯೂರಾದ ರಾಬರ್ಟ್‌ಸನ್‌ಪೇಟೆಯಲ್ಲಿ ನಿಂತು ಯೋಚಿಸುವವನು ಇಷ್ಟಕ್ಕೇ ತೃಪ್ತನಾಗಲಾರ. 2001ರ ಫೆಬ್ರವರಿ 28ರಂದು ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಇಲ್ಲಿನ ಗಣಿಗಳನ್ನು ಮುಚ್ಚಿತು. ಅಂದಿನಿಂದ ಗಣಿಕಾರ್ಮಿಕರ ಲೈನ್ ಮನೆಗಳ ಎಷ್ಟೋ ತಾಯ್ತಂದೆಯರು ನಸುಕಿನಲ್ಲಿಯೇ ಮಾರಿಕುಪ್ಪದಲ್ಲಿಯೋ ಚಾಂಪಿಯನ್ ರೀಫ್‌ನಲ್ಲಿಯೋ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಮರಳುತ್ತಾರೆ. ಮಕ್ಕಳು ಹಗಲೆಲ್ಲ ಅಜ್ಜಿಯರ ಅಥವಾ ನೆರೆಯವರ ಕಣ್ಗಾವಲಿನಲ್ಲಿರುತ್ತಾರೆ. ಇದನ್ನು ನಿರ್ಲಕ್ಷ್ಯವೆನ್ನೋಣವೇ? 2015ರ ಬಾಲನ್ಯಾಯ ಕಾಯಿದೆಯ ಮೇರೆಗೆ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿಗೆ, ರಕ್ಷಣೆ ಬೇಕಾದ ಮಗುವನ್ನು 24 ಗಂಟೆಗಳೊಳಗೆ ಹಾಜರುಪಡಿಸಬೇಕು. ಹೊಡೆತದಿಂದಲೋ ಬಲವಂತದ ಮದುವೆಯಿಂದಲೋ ಮಗುವನ್ನು ಬಿಡಿಸಲು ಇಷ್ಟು ತ್ವರೆ ಅವಶ್ಯಕ. ಅದೇ ಕಾಯಿದೆಯು ಪಾಲನೆಯ ಪ್ರಥಮ ಹೊಣೆಯನ್ನು ಕುಟುಂಬಕ್ಕೇ ವಹಿಸಿ, ಬಾಲಮಂದಿರದಂತಹ ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವೆನ್ನುತ್ತದೆ. ಬಡತನವನ್ನು ಪಾಲಕರ ಅಯೋಗ್ಯತೆಯೆಂದು ಬಗೆದು ಮಗುವನ್ನು ಒಯ್ಯುವ ಅಧಿಕಾರಿಯು, ಕಾಯಿದೆಯ ಈ ಭಾಗವನ್ನು ಓದದವನೇ ಸರಿ.

ಬಾಲರನ್ನೂ ವೃದ್ಧರನ್ನೂ ಅನಾಥರನ್ನೂ ರಾಜನು ಪೋಷಿಸತಕ್ಕದ್ದೆಂದು ಕೌಟಿಲ್ಯನು ವಿಧಿಸಿದ್ದಾನೆ. ಅಲ್ಲಿ ಮೊದಲು ಬರುವುದು ಅನ್ನ. ಅನ್ನ ಕೊಟ್ಟು ನೋಡಿದ ಪ್ರಭುತ್ವಕ್ಕೆ ಮಾತ್ರ ತಾಯ್ತಂದೆಯರನ್ನು ವಿಚಾರಿಸುವ ನೈತಿಕ ಅರ್ಹತೆ ಪೂರ್ಣವಾಗಿ ಪ್ರಾಪ್ತವಾಗುತ್ತದೆ. ಪ್ರಾಣಾಪಾಯವು ಒದಗಿದಾಗಲಂತೂ ಯಾವ ಅರ್ಹತೆಗೂ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ತಾಯಂದಿರಿಗಾಗಿ ರಾಜ್ಯವು ತೆರೆದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳಂತಹವು ಈ ಊರಿನ ಓಣಿಗಳಲ್ಲಿಯೂ, ರಾತ್ರಿಯ ರೈಲು ಬರುವವರೆಗೆ ತೆರೆದಿರಬೇಕು. ಮಗುವನ್ನು ಸಂಜೆ ನೋಡಿಕೊಳ್ಳುವವರು ಯಾರೆಂದು ತಾಯಿಯನ್ನು ಕೇಳುವ ಅಧಿಕಾರಿಯು, ಆ ಪ್ರಶ್ನೆಗೆ ತನ್ನ ಇಲಾಖೆಯ ಉತ್ತರವೇನೆಂಬುದನ್ನೂ ಅದೇ ಕಡತದಲ್ಲಿ ಬರೆಯಲಿ.