ಬಯಲಿನ ಚಹಾ ಮತ್ತು ಸರಳತೆಯ ಪ್ರಶ್ನೆ

ಎಲ್ಲವೂ ಇದ್ದವನು ಒಂದು ಸಂಜೆಯ ಮಟ್ಟಿಗೆ ಅದನ್ನೆಲ್ಲ ಮನೆಯಲ್ಲೇ ಬಿಟ್ಟು, ಒಂದು ಕೆಟಲ್, ನಾಲ್ಕು ಬಟ್ಟಲು, ಒಂದು ಚಾಪೆ ಹಿಡಿದುಕೊಂಡು ಹೋಗಿ ಮರದ ಕೆಳಗೆ ಕುಳಿತರೆ ಅದನ್ನು ಸರಳತೆ ಎನ್ನಬಹುದೇ? ಅಥವಾ ಅದು ಸರಳತೆಯ ವೇಷ ಮಾತ್ರವೇ? ಹಿಂದಿನವರ ಹಾಗೆ ಬಯಲಿನಲ್ಲಿ ಕುಳಿತು ಚಹಾ ಕುಡಿಯೋಣ ಎಂದು ಹೊರಡುವವರ ಮುಂದೆ ಇಂಥ ಪ್ರಶ್ನೆ ಎತ್ತಿದರೆ ರಸಭಂಗವಾದೀತು. ಆದರೆ ಬಯಲಿನ ಚಹಾವನ್ನು ಒಂದು ಕಲೆಯಾಗಿ ಬೆಳೆಸಿದ ಜಪಾನಿನ ಇತಿಹಾಸವೇ ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತದೆ.

ಅಲ್ಲಿ ಇದಕ್ಕೆ 'ನೊದಾತೆ' ಎಂದು ಹೆಸರು. ವಸಂತದಲ್ಲಿ ಚೆರಿ ಹೂ ಅರಳಿದಾಗ, ಶರತ್ಕಾಲದಲ್ಲಿ ಮೇಪಲ್ ಎಲೆಗಳು ಕೆಂಪಾದಾಗ ಜನ ಹುಲ್ಲಿನ ಮೇಲೆ ಕೆಂಪು ಬಟ್ಟೆ ಹಾಸಿ, ದೊಡ್ಡದೊಂದು ಕೆಂಪು ಕೊಡೆ ನಿಲ್ಲಿಸಿ ಕೂರುತ್ತಾರೆ. ಮೊದಲು ಒಂದು ಚೂರು ಸಿಹಿ, ಆಮೇಲೆ ಬಿಸಿನೀರಿನಲ್ಲಿ ಬಿದಿರಿನ ಕಡೆಗೋಲಿನಿಂದ ಕಡೆದ ಹಸಿರು ಚಹಾ. ಬೇಕಾದ ಸಾಮಾನುಗಳೆಲ್ಲ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ. ನೋಡುವವರಿಗೆ ಇದಕ್ಕಿಂತ ಮುಗ್ಧವಾದ ಸುಖ ಇನ್ನೊಂದಿಲ್ಲ ಎನಿಸುತ್ತದೆ.

ಈ ಪರಂಪರೆಯಲ್ಲಿ ಎಲ್ಲರೂ ನೆನೆಯುವ ವರ್ಷ 1587. ಆಗ ಜಪಾನಿನ ಅತ್ಯಂತ ಬಲಿಷ್ಠ ದೊರೆಯಾಗಿದ್ದ ತೊಯೊತೊಮಿ ಹಿದೆಯೊಶಿ ಕ್ಯೋಟೊ ನಗರದ ಕಿತಾನೊ ದೇವಾಲಯದ ಪೈನ್ ತೋಪಿನಲ್ಲಿ ಒಂದು ಮಹಾ ಚಹಾಕೂಟ ನಡೆಸುವುದಾಗಿ ಫಲಕ ಹಾಕಿಸಿದ. ಚಹಾದಲ್ಲಿ ಆಸಕ್ತಿ ಇರುವ ಯಾರೂ ಬರಬಹುದು. ಸೈನಿಕನಾಗಲಿ, ಪೇಟೆಯವನಾಗಲಿ, ರೈತನಾಗಲಿ ಭೇದವಿಲ್ಲ. ಒಂದು ಕೆಟಲ್, ಒಂದು ಬಟ್ಟಲು ತಂದರೆ ಸಾಕು. ಚಹಾಪುಡಿ ಇಲ್ಲದವನು ಹುರಿದ ಧಾನ್ಯದ ಹಿಟ್ಟು ತರಲಿ. ಕೂರುವ ಚಾಪೆ ತೇಪೆ ಹಾಕಿದ್ದಾದರೂ ಚಿಂತೆಯಿಲ್ಲ. ಆ ದಿನ ಹಿದೆಯೊಶಿಯೂ ಅವನ ಚಹಾಗುರು ಸೆನ್ ನೊ ರಿಕ್ಯುವೂ ಇನ್ನಿಬ್ಬರು ಗುರುಗಳೂ ಬಂದವರಿಗೆ ತಾವೇ ಚಹಾ ಕಲಸಿ ಕೊಟ್ಟರು. ಯಾರಿಗೆ ಯಾರ ಕೈಯ ಚಹಾ ಎಂಬುದು ಚೀಟಿ ಎತ್ತಿ ನಿರ್ಧಾರವಾಯಿತು. ಬಡವರ ಮನೆಯಲ್ಲಿ ಹುಟ್ಟಿ ದೊರೆಯಾಗಿ ಬೆಳೆದವನು ಹಿದೆಯೊಶಿ. ಅಂಥವನು ಜನಸಾಮಾನ್ಯರಿಗೆ ಚಹಾ ಬಡಿಸಿದ್ದು ಚಿಕ್ಕ ಮಾತಲ್ಲ.

ಆದರೆ ಅದೇ ಫಲಕದಲ್ಲಿ ಇನ್ನೊಂದು ಮಾತೂ ಇತ್ತು. ಈ ಕೂಟಕ್ಕೆ ಬಾರದವನು ಇನ್ನು ಮುಂದೆ ಹಿಟ್ಟಿನ ನೀರನ್ನೂ ಕಲಸಿ ಕುಡಿಯುವಂತಿಲ್ಲ ಎಂಬುದು ಆ ಮಾತು. ಪ್ರೀತಿಯ ಕರೆಯ ಜೊತೆಗೆ ಬೆದರಿಕೆಯೂ ಇತ್ತು. ತೇಪೆಯ ಚಾಪೆಗಳ ನಡುವೆಯೇ ಹಿದೆಯೊಶಿ ತನ್ನ ಚಿನ್ನದ ಚಹಾಕೋಣೆಯನ್ನು ನಿಲ್ಲಿಸಿದ್ದ. ಗೋಡೆಗಳಿಗೂ ಚಿನ್ನ, ಪಾತ್ರೆಗಳಿಗೂ ಚಿನ್ನ. ಹತ್ತು ದಿನ ನಡೆಯಬೇಕಿದ್ದ ಕೂಟ ಒಂದೇ ದಿನಕ್ಕೆ ಮುಗಿಯಿತು. ನಾಲ್ಕು ವರ್ಷಗಳ ನಂತರ, 1591ರಲ್ಲಿ, ಅದೇ ದೊರೆಯ ಆಜ್ಞೆಯಂತೆ ರಿಕ್ಯು ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಬೇಕಾಯಿತು.

ಆ ಕಾಲದ ರಸಿಕರು ಮೆಚ್ಚಿದ ಬಟ್ಟಲುಗಳ ಕತೆಯೂ ಹೀಗೆಯೇ ಇದೆ. ಅವರಿಗೆ ಅತಿ ಪ್ರಿಯವಾದದ್ದು ಕೊರಿಯಾದ 'ಇದೊ' ಬಟ್ಟಲು. ಅದು ಅಲ್ಲಿನ ಸಾಮಾನ್ಯ ಜನರ ದಿನಬಳಕೆಯ ಪಾತ್ರೆ, ಹೆಸರಿಲ್ಲದ ಕುಂಬಾರನ ಕೆಲಸ ಎಂದು ಬಲ್ಲವರು ಹೇಳುತ್ತಾರೆ. ಅದರ ಒರಟುತನದಲ್ಲಿ ಸೌಂದರ್ಯ ಕಂಡ ಕಣ್ಣು ನಿಜಕ್ಕೂ ದೊಡ್ಡದು. ಆದರೆ ಬಡವನ ಬಟ್ಟಲು ಶ್ರೀಮಂತನ ಕೈಗೆ ಬಂದೊಡನೆ ಅದಕ್ಕೆ ಬಡವ ಕನಸಿನಲ್ಲೂ ಎಣಿಸದ ಬೆಲೆ ಬಂತು. 1592ರಲ್ಲಿ ಹಿದೆಯೊಶಿಯ ಸೈನ್ಯ ಕೊರಿಯಾದ ಮೇಲೆ ನುಗ್ಗಿತು. ಆ ಯುದ್ಧದ ವರ್ಷಗಳಲ್ಲಿ ಅಲ್ಲಿನ ಕುಂಬಾರರನ್ನೇ ಹಿಡಿದು ಜಪಾನಿಗೆ ಸಾಗಿಸಲಾಯಿತು. ಬಟ್ಟಲನ್ನು ಪ್ರೀತಿಸಿದವರು ಅದನ್ನು ಮಾಡಿದವನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ, ಸೆರೆ ಹಿಡಿದು ತಂದರು.

ಇದನ್ನೆಲ್ಲ ಹೇಳುವುದು ಸುಖವನ್ನೇ ಅನುಮಾನಿಸಬೇಕು ಎಂದಲ್ಲ. ಲೋಕದಲ್ಲಿ ಇಷ್ಟು ಕಷ್ಟವಿರುವಾಗ ಚಹಾದ ರುಚಿಯ ಮಾತೇಕೆ ಎನ್ನುವವರಿಗೆ ಉರ್ದು ಓದಿದವರು ಮೌಲಾನಾ ಅಬುಲ್ ಕಲಾಂ ಆಜಾದರನ್ನು ತೋರಿಸಬಹುದು. 1942ರ ಆಗಸ್ಟಿನಲ್ಲಿ ಬಂಧಿತರಾದ ಅವರು ಅಹಮದ್‌ನಗರದ ಕೋಟೆಯಲ್ಲಿದ್ದಾಗ ಬರೆದ ಪತ್ರಗಳು 1946ರಲ್ಲಿ 'ಗುಬಾರೆ ಖಾತಿರ್' ಎಂಬ ಪುಸ್ತಕವಾಗಿ ಬಂದವು. ನಸುಕಿನಲ್ಲಿ ಎದ್ದು ತಾವೇ ಚಹಾ ಮಾಡಿಕೊಳ್ಳುವುದನ್ನು, ಹಾಲು ಬೆರೆಸದ ಚೀನಾ ಚಹಾದ ಸೊಗಸನ್ನು ಅವರು ಅದರಲ್ಲಿ ಮನಸಾರೆ ವರ್ಣಿಸಿದ್ದಾರೆ. ಅದೇ ಸೆರೆವಾಸದಲ್ಲಿ, 1943ರಲ್ಲಿ, ಹೆಂಡತಿ ತೀರಿಕೊಂಡ ಸುದ್ದಿಯೂ ಅವರನ್ನು ತಲುಪಿತು. ಒಂದು ಬಟ್ಟಲು ಚಹಾದ ಸುಖ ಅವರ ಹೋರಾಟಕ್ಕೆ ಅಡ್ಡ ಬರಲಿಲ್ಲ. ಅಲ್ಲಿ ಮೆಚ್ಚಿಸಬೇಕಾದವರು ಯಾರೂ ಇರಲಿಲ್ಲ, ಅವರ ಸುಖಕ್ಕಾಗಿ ಯಾರೂ ತಲೆ ತಗ್ಗಿಸಬೇಕಾಗಿರಲಿಲ್ಲ.

ಹಾಗಾದರೆ ಪ್ರಶ್ನೆ ಇರುವುದು ಚಹಾದಲ್ಲಿ ಅಲ್ಲ, ಚಾಪೆಯಲ್ಲಿ. ಹೊರಗೆ ಕುಳಿತು ಚಹಾ ಕುಡಿಯುವುದು ತಾನಾಗಿ ಒಂದು ಗುಣವಾಗುವುದಿಲ್ಲ. ನಮ್ಮ ಹಳ್ಳಿಗಳ ಹೋಟೆಲುಗಳಲ್ಲಿ ದಲಿತರು ಎಷ್ಟೋ ಕಾಲ ಹೊರಗೇ ನಿಂತು, ಬೇರೆ ಇಟ್ಟ ಲೋಟದಲ್ಲಿ ಚಹಾ ಕುಡಿದಿದ್ದಾರೆ. ಕೆಲವು ಕಡೆಗಳಿಂದ ಈಗಲೂ ಅಂಥ ದೂರುಗಳು ಬರುತ್ತವೆ. ಅವರ ತಲೆಯ ಮೇಲೂ ಅದೇ ಆಕಾಶವಿತ್ತು, ಪಕ್ಕದಲ್ಲಿ ಮರವೂ ಇದ್ದಿರಬಹುದು. ಅದನ್ನು ಯಾರೂ ವನಭೋಜನ ಎಂದು ಕರೆಯಲಿಲ್ಲ. ಅವರಿಗೆ ಹೊರಗೆ ಕುಡಿಯುವುದು ಅವಮಾನ, ನಮಗೆ ಅದು ವಿನೋದ. ನಾವು ಬೇಕೆಂದು ಹೊರಗೆ ಬರುತ್ತೇವೆ, ಬೇಕೆಂದಾಗ ಒಳಗೆ ಹೋಗುತ್ತೇವೆ. ಈ ಆಯ್ಕೆ ಉಳ್ಳವನಿಗೆ ಒಂದು ಹೊಣೆಯೂ ಇದೆ.

ರಿಕ್ಯು ಹೇಳಿದ್ದೆಂದು ನಂಬಲಾದ ಮಾತುಗಳಿರುವ 'ನಾನ್ಪೊರೊಕು' ಎಂಬ ಗ್ರಂಥದಲ್ಲಿ ಬಯಲಿನ ಚಹಾದ ವಿಚಾರವೂ ಬರುತ್ತದೆ. ಕೋಣೆಯೊಳಗಿನ ಚಹಾಕ್ಕೆ ಇರುವಂಥ ಗೊತ್ತಾದ ಕ್ರಮ ಬಯಲಿನಲ್ಲಿ ಇಲ್ಲ, ಹಾಗೆ ಇಲ್ಲದಿರುವುದರಿಂದಲೇ ಅಲ್ಲಿ ದೊಡ್ಡದೊಂದು ಕ್ರಮ ಬೇಕು ಎಂಬುದು ಅದರ ತಾತ್ಪರ್ಯ. ಆ ದೊಡ್ಡ ಕ್ರಮ ಯಾವುದು? ಕಿತಾನೊದ ಕತೆಯನ್ನು ಓದಿದ ಮೇಲೆ ನನಗೆ ತೋರುವುದು ಇಷ್ಟು. ಹಿಂದಿನವರಿಂದ ಏನನ್ನಾದರೂ ಪಡೆಯುವುದಿದ್ದರೆ ಕೆಂಪು ಕೊಡೆ, ಹಳೆಯ ಹಿತ್ತಾಳೆ ಪಾತ್ರೆಗಳಿಗಿಂತ ಮೊದಲು ಆ ಫಲಕದ ಮೊದಲ ಅರ್ಧವನ್ನು ಪಡೆಯಬೇಕು. ಕರೆಯಲ್ಲಿ ಭೇದವಿರಬಾರದು. ಬಂದವನು ತಂದಷ್ಟೇ ಸಾಕೆನಿಸಬೇಕು. ಉದ್ಯಾನದ ಕಸ ಗುಡಿಸುವವನು ಹತ್ತಿರದಲ್ಲಿದ್ದರೆ ಅವನಿಗೂ ಒಂದು ಬಟ್ಟಲು, ಅದೂ ನಮ್ಮದರಂಥದೇ ಬಟ್ಟಲು ಸಿಗಬೇಕು. ನಾವು ಎದ್ದು ಹೋದ ಮೇಲೆ ಅವನು ಬಾಗಿ ಹೆಕ್ಕುವಂಥದ್ದೇನೂ ಅಲ್ಲಿ ಉಳಿಯಬಾರದು.

ಇನ್ನೊಂದು ಮಾತು, ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ಜಪಾನಿನ ಚಹಾ ಪದ್ಧತಿಯಲ್ಲಿ ಕರೆದವನೇ ನೀರು ಕಾಯಿಸುತ್ತಾನೆ, ಅವನೇ ಚಹಾ ಕಲಸಿ ಕೊಡುತ್ತಾನೆ, ಬಟ್ಟಲನ್ನು ತೊಳೆದು ಒರೆಸುವವನೂ ಅವನೇ. ಆ ಒಂದು ದಿನ ಹಿದೆಯೊಶಿಯಂಥ ದೊರೆಯೂ ತಾನೇ ಚಹಾ ಕಲಸಿದ. ನಮ್ಮಲ್ಲಿ ಗಂಡಸರು ಬಯಲಿಗೆ ಹೋಗೋಣ ಎಂದು ಉತ್ಸಾಹದಿಂದ ಹೇಳುತ್ತಾರೆ. ಸ್ಟವ್, ಸಕ್ಕರೆ ಡಬ್ಬಿ, ಬಿಸ್ಕತ್ತು ಕಟ್ಟಿಕೊಳ್ಳುವವರು ಹೆಂಗಸರು. ಅಲ್ಲಿ ಹೋದ ಮೇಲೂ ಗಾಳಿಗೆ ಬೆನ್ನು ಕೊಟ್ಟು ಸ್ಟವ್ ಕಾಯುವವರು ಅವರೇ. ಅವರಿಗೆ ಅದು ಗೋಡೆಯಿಲ್ಲದ ಅಡುಗೆಮನೆ. ಬಯಲಿಗೆ ಹೋಗೋಣ ಎಂದವನೇ ಆ ಸಂಜೆಯ ಮಟ್ಟಿಗಾದರೂ ಚಹಾ ಕಾಸಿ, ಬಡಿಸಿ, ಕೊನೆಗೆ ಬಟ್ಟಲುಗಳನ್ನೂ ತೊಳೆದಿಟ್ಟರೆ ಮನೆಯವರಿಗೂ ಒಂದಿಷ್ಟು ಹೊತ್ತು ಆಕಾಶ ನೋಡಲು ಬಿಡುವು ಸಿಕ್ಕೀತು.