ವಿಧಿಯೋ, ಕರ್ತವ್ಯವೋ?

ಆಟದ ಬಯಲಿನಲ್ಲಿ ಬಾಲಕನೊಬ್ಬನು ಹಠಾತ್ತನೆ ಕುಸಿದು, ಅವನ ಹೃದಯವು ನಿಂತುಹೋದರೆ, ವಿಧಿಲಿಖಿತವೆಂದು ನಿಡುಸುಯ್ಯುವುದು ಲೋಕರೂಢಿ. ಹುಟ್ಟಿನಿಂದಲೇ ಬಂದ ಹೃದಯದೋಷವು ಹೊರಗೆ ಕಾಣದಿರಬಹುದು. ಅದು ಯಾರ ತಪ್ಪೂ ಅಲ್ಲ. ಆದರೆ ಮುಂದಿನ ನಿಮಿಷಗಳೂ ವಿಧಿಗೇ ಸೇರಿದವೇ?

ರಕ್ತ ದೊರೆಯದ ಮೆದುಳು ನಾಲ್ಕೈದು ನಿಮಿಷಗಳಲ್ಲಿಯೇ ಕೆಡತೊಡಗುವುದು. ಹರಿಹರದಿಂದ ದಾವಣಗೆರೆಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 14 ಕಿಲೋಮೀಟರು. ಅಷ್ಟರೊಳಗೆ ಯಾವ ವಾಹನವೂ ತಲಪಲಾರದು. ಇಂತಹ ಹಠಾತ್ ಮರಣಗಳನ್ನು ಕಡ್ಡಾಯವಾಗಿ ವರದಿಮಾಡಬೇಕೆಂದು 2025ರಲ್ಲಿ ರಾಜ್ಯಸರ್ಕಾರವು ಗೊತ್ತುಮಾಡಿತು. ಅದಾದರೂ ಸಾವಿನ ತರುವಾಯದ ಮಾತು. ಆದುದರಿಂದ 108ಕ್ಕೆ ಕರೆ ಕಳುಹಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುವ ಭಾರವು ಬಳಿಯಲ್ಲಿ ನಿಂತವನದೇ.

ಹೀಗೆ ಮಾಡಿಯೂ ಜೀವವು ಉಳಿಯದಿರಬಹುದು. ಆಗ ವಿಧಿಯೆನ್ನಲು ಅವನಿಗೆ ಅಧಿಕಾರವುಂಟು. ಕಲಿಯಬಹುದಾಗಿದ್ದೂ ಕಲಿಯದೆ ನೋಡುತ್ತ ನಿಂತವರಿಗೆ ಆ ಮಾತು ಸಲ್ಲದು.